ಕಾರು ಹಗುರ, ಓಟದಲ್ಲಿ ಮಾತ್ರ ಹಿಂದೆ. ಯಾಕೆ?

ಪ್ರಶ್ನೆ: ಮೆಕ್‌ಲಾರೆನ್ 720ಎಸ್‌ಗೆ 720 ಎಚ್‌ಪಿ, ತೂಕ 1,283 ಕೆ.ಜಿ. 2020ರ ಪೋರ್ಷೆ 911 ಟರ್ಬೊ ಎಸ್‌ಗೆ 650 ಎಚ್‌ಪಿ, 1,640 ಕೆ.ಜಿ. ಆದರೂ 100 ಕಿ.ಮೀ. ವೇಗವನ್ನು ಪೋರ್ಷೆಯೇ ಮೊದಲು ಮುಟ್ಟುತ್ತದೆ. ಹಾಗಾದರೆ ಮೆಕ್‌ಲಾರೆನ್‌ಗೆ ಜಾಸ್ತಿ ದುಡ್ಡು ಯಾತಕ್ಕೆ?

ಉತ್ತರ: ಮೊದಲು ಆ 1,283 ಅನ್ನು ಹೊಡೆದುಹಾಕಿ. ಅದು ಡ್ರೈ ವೇಟ್. ಅಂದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ಕೂಲೆಂಟ್ ಇಲ್ಲ. ಅಂಥ ಕಾರನ್ನು ತಳ್ಳಿಕೊಂಡೇ ಹೋಗಬೇಕು! ಸಾಲದ್ದಕ್ಕೆ, ತೂಕ ಇಳಿಸುವ ಆಪ್ಷನ್‌ಗಳನ್ನೆಲ್ಲ ಹಾಕಿಸಿದ ಮೇಲೆ ಬಂದ ಅಂಕಿ ಅದು. ಆ ಆಪ್ಷನ್‌ಗಳಿಗೆ ಬೇರೆ ದುಡ್ಡು. ಪಟ್ಟಿಯಲ್ಲಿರುವ ಬೆಲೆ ಒಂದು ಕಾರಿನದು, ತೂಕ ಇನ್ನೊಂದರದು ಅಂದ ಹಾಗಾಯಿತು, ಅಲ್ವಾ?

ಪೋರ್ಷೆಯ 1,640 ಡಿಐಎನ್, ಅಂದರೆ ಜರ್ಮನಿಯ ಮಾನದಂಡದ ಲೆಕ್ಕ. ಆಯಿಲ್, ಕೂಲೆಂಟ್ ಎಲ್ಲ ತುಂಬಿರುತ್ತದೆ, ಟ್ಯಾಂಕ್ ಶೇ 90 ತುಂಬಿರುತ್ತದೆ, ಡ್ರೈವರ್ ಇರುವುದಿಲ್ಲ. ಇದೇ ಲೆಕ್ಕದಲ್ಲಿ ಮೆಕ್‌ಲಾರೆನ್ 1,419 ಕೆ.ಜಿ. ಅದರ ಟ್ಯಾಂಕ್ 72 ಲೀಟರ್‌ನದು. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತದೆ. ಅಲ್ಲಿಗೆ ಬರೀ ಪೆಟ್ರೋಲೇ 50 ಕೆ.ಜಿ. ಹತ್ತಿರ ಆಯಿತು. ಯುರೋಪಿನ ಇನ್ನೊಂದು ಲೆಕ್ಕದಲ್ಲಿ ಡ್ರೈವರ್, ಲಗೇಜು ಅಂತ ಮತ್ತೆ 75 ಕೆ.ಜಿ. ಸೇರಿಸುತ್ತಾರೆ. ಹಾಗಾಗಿ ಒಂದೇ ಕಾರಿಗೆ ಮೂರು ತೂಕ.

ಎಚ್‌ಪಿಯಲ್ಲೂ ಸಣ್ಣ ಗೊಂದಲವಿದೆ. ನೀವು ಬರೆದ 720, 650 ಎರಡೂ ಮೆಟ್ರಿಕ್ ಅಂಕಿ, ಅಂದರೆ ಪಿಎಸ್. ಬ್ರಿಟಿಷ್ ಬಿಎಚ್‌ಪಿಯಲ್ಲಿ 720 ಇಳಿದು 710 ಆಗುತ್ತದೆ. ಎರಡಕ್ಕೂ ಒಂದೇ ಅಳತೆ ಹಿಡಿದಿದ್ದೀರಿ, ಚಿಂತೆಯಿಲ್ಲ.

ಈಗ ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿ. ಟನ್ನಿಗೆ ಮೆಕ್‌ಲಾರೆನ್ 507 ಎಚ್‌ಪಿ, ಪೋರ್ಷೆ 396. ಅಂತರ ದೊಡ್ಡದೇ. ಆದರೂ ಕಂಪನಿಗಳೇ ಕೊಡುವ ಸಮಯ ನೋಡಿದರೆ 100ಕ್ಕೆ ಪೋರ್ಷೆ 2.7 ಸೆಕೆಂಡ್, ಮೆಕ್‌ಲಾರೆನ್ 2.9. ಕಾರಣ ಟೈರಿನಲ್ಲಿದೆ. ನಿಂತಲ್ಲಿಂದ ಹೊರಡುವಾಗ ಎಂಜಿನ್ ಕೊಡುವಷ್ಟನ್ನೂ ರಸ್ತೆಗೆ ಇಳಿಸಲು ಮೆಕ್‌ಲಾರೆನ್‌ನ ಎರಡು ಹಿಂದಿನ ಚಕ್ರಕ್ಕೆ ಆಗುವುದಿಲ್ಲ. ಸುಮ್ನೆ ಜಾರುತ್ತವೆ. ಪೋರ್ಷೆಯಲ್ಲಿ ನಾಲ್ಕೂ ಚಕ್ರ ಎಳೆಯುತ್ತವೆ. ಹಿಂಬದಿಯಲ್ಲಿರುವ ಎಂಜಿನ್‌ನ ಭಾರವೂ ಹಿಂದಿನ ಚಕ್ರಗಳನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ.

ಆಟ ತಿರುಗುವುದು ಆಮೇಲೆ. 200 ಕಿ.ಮೀ. ವೇಗಕ್ಕೆ ಮೆಕ್‌ಲಾರೆನ್‌ಗೆ 7.8 ಸೆಕೆಂಡ್ ಸಾಕು, ಪೋರ್ಷೆಗೆ 8.9 ಬೇಕು. ಹಿಡಿತ ಸಿಕ್ಕ ಮೇಲೆ ಹಗುರ ಮೈ, ಜಾಸ್ತಿ ಶಕ್ತಿ ಕೆಲಸಕ್ಕೆ ಬರುತ್ತವೆ. ನನ್ನ ಕೇಳಿದರೆ, 100ರ ಅಂಕಿಯನ್ನು ಜನ ಬೇಕಾದ್ದಕ್ಕಿಂತ ಜಾಸ್ತಿ ನಂಬುತ್ತಾರೆ.

ಬೆಲೆಗೆ ಬರೋಣ. ಅಮೆರಿಕದಲ್ಲಿ ಬಿಡುಗಡೆಯಾದಾಗ ಪೋರ್ಷೆ ಸುಮಾರು 2.03 ಲಕ್ಷ ಡಾಲರ್, ಮೆಕ್‌ಲಾರೆನ್ ಸುಮಾರು 2.85 ಲಕ್ಷ. ಆ ಜಾಸ್ತಿ ದುಡ್ಡಿನಲ್ಲಿ ಒಂದು ಪಾಲು ಕಾರ್ಬನ್ ಫೈಬರ್ ಒಡಲಿಗೆ ಹೋಗುತ್ತದೆ. ಕಾರು ಹಗುರವಾಗಿರಲು ಅದೂ ಕಾರಣ. ದಿನಾ ಓಡಿಸುವುದಾದರೆ, ಮಳೆಯಲ್ಲೂ ಹೊರಡುವುದಾದರೆ ನಾನು ಪೋರ್ಷೆಯನ್ನೇ ಹೇಳುತ್ತೇನೆ. ಹಿಂದೆ ಎರಡು ಪುಟ್ಟ ಸೀಟುಗಳೂ ಇವೆ. ಟ್ರ್ಯಾಕಿಗೇ ಅಂತಿದ್ದರೆ ಮೆಕ್‌ಲಾರೆನ್.

ನಾಳೆ ನಿಮ್ಮ ಪಟ್ಟಿಗೆ ಫೆರಾರಿ ಎಫ್8 ಟ್ರಿಬ್ಯುಟೊ ಸೇರಿದರೆ ಅಲ್ಲಿ 1,330 ಕೆ.ಜಿ. ಅಂತ ಕಾಣುತ್ತದೆ. ಅದೂ ಡ್ರೈ ವೇಟೇ. 1,435 ಅಂತ ಬರೆದುಕೊಳ್ಳಿ.