ಗೆಳತಿಗೆ ಇಟ್ಟ ನಂಬರನ್ನೇ ನನಗೂ ಇಟ್ಟರು!

ಪ್ರಶ್ನೆ: ನನಗೆ 27 ವರ್ಷ, ಮೈಬಣ್ಣ ಕಪ್ಪು. ಗದ್ದದ ಕೂದಲು ತೆಗೆಸೋಕೆ ಪಾರ್ಲರ್‌ಗೆ ಹೋಗಿದ್ದೆ. ಬೆಳ್ಳಗಿರುವ ನನ್ನ ಗೆಳತಿಗೆ ಮೆಷಿನ್ನಿನಲ್ಲಿ ಯಾವ ನಂಬರ್ ಇಟ್ಟಿದ್ದರೋ ನನಗೂ ಅದನ್ನೇ ಇಟ್ಟರು. ಅವಳಿಗೆ ಏನೂ ಆಗಲಿಲ್ಲ. ನನಗೆ ಚೌಕ ಚೌಕವಾಗಿ ಸುಟ್ಟು ಕಂದು ಕಲೆ ಉಳಿದಿದೆ. ಈಗ ಒಂದು ಕ್ಲಿನಿಕ್‌ನವರು ‘ಲೇಸರ್ ಮಾಡೋಣ, ಜೂಲ್ಸ್ ಕಡಿಮೆ ಇಡ್ತೀವಿ’ ಅಂತಿದ್ದಾರೆ. ನಂಬಬಹುದಾ ಡಾಕ್ಟ್ರೇ?
– ಹೆಸರು ಬೇಡ, ಹಾಸನ

ಉತ್ತರ: ಚೌಕದ ಕಲೆ ಅಂದರೆ ಅದು ಬಹುಶಃ ಐಪಿಎಲ್ (ಕ್ರಿಕೆಟ್ ಅಲ್ಲ, ಇಂಟೆನ್ಸ್ ಪಲ್ಸ್ಡ್ ಲೈಟ್!). ಅದು ಲೇಸರ್ರೇ ಅಲ್ಲ, ಸುಮಾರು 500ರಿಂದ 1200 ನ್ಯಾನೋಮೀಟರ್ ತರಂಗಾಂತರದವರೆಗಿನ ಬೆಳಕನ್ನು ಒಟ್ಟಿಗೇ ಹಾಯಿಸುವ ಫ್ಲಾಶ್ ದೀಪ. ಬೆಳಕು ಹುಡುಕೋದು ಮೆಲನಿನ್ ಅನ್ನು, ಅಂದರೆ ಕಪ್ಪು ಬಣ್ಣ ಕೊಡುವ ವಸ್ತುವನ್ನು. ಅದು ಕೂದಲಿನ ಬುಡದಲ್ಲೂ ಇದೆ, ನಿಮ್ಮ ಚರ್ಮದಲ್ಲೂ ಜಾಸ್ತಿ ಇದೆ. ಸುಟ್ಟಿದ್ದು ಅದಕ್ಕೇ.

ಇನ್ನು ‘ಕಡಿಮೆ ಜೂಲ್ಸ್’ ಮಾತು. ಜೂಲ್ಸ್ ಅಂದರೆ ಮೆಷಿನ್ ಕೊಡುವ ಶಕ್ತಿಯ ಅಳತೆ. ಬರೀ ಆ ಒಂದು ನಂಬರ್ ಕೇಳಿ ಧೈರ್ಯ ತಂದುಕೊಳ್ಳಬೇಡಿ. ಒಂದು ಚೊಂಬು ಬಿಸಿನೀರನ್ನು ಒಂದೇ ಸಲ ಮೈಮೇಲೆ ಸುರಿಯೋದಕ್ಕೂ, ಅದೇ ನೀರನ್ನು ನಿಧಾನಕ್ಕೆ ಹುಯ್ಯೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅಷ್ಟೇ ಜೂಲ್ಸನ್ನು 3 ಮಿಲಿಸೆಕೆಂಡಿನಲ್ಲಿ ಕೊಟ್ಟರೆ ಚರ್ಮ ಸುಡಬಹುದು, 30ರಲ್ಲಿ ಕೊಟ್ಟರೆ ಮೇಲಿನ ಪದರಕ್ಕೆ ಬಿಸಿ ಬಿಟ್ಟುಕೊಡಲು ಸಮಯ ಸಿಗುತ್ತದೆ, ಕೂದಲಿನ ದಪ್ಪ ಬುಡ ಮಾತ್ರ ಬಿಸಿಯಾಗೇ ಇರುತ್ತದೆ. ಇದು ಪಲ್ಸ್ ಲೆಕ್ಕ, ಅಂದರೆ ಒಂದು ಸಲದ ಬೆಳಕು ಎಷ್ಟು ಹೊತ್ತು ಇರುತ್ತದೆ ಅನ್ನೋದು. ಮೆಷಿನ್ನಿನ ತುದಿ ದೊಡ್ಡದಾದರೆ ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಮೊದಲು ‘ಯಾವ ಲೇಸರ್?’ ಅಂತ ಕೇಳಿ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬೆಳ್ಳಗಿರುವವರಿಗೆ ಚೆನ್ನ. ನಿಮಗೆ 1064ರ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ತಮಾಷೆ ಏನಂದರೆ, ಹಾಗೆ ಕಡಿಮೆ ಹೀರುವುದರಿಂದಲೇ ಅದರಲ್ಲಿ ಜೂಲ್ಸ್ ಜಾಸ್ತಿ ಇಡಬೇಕಾಗುತ್ತದೆ! ನಂಬರ್ ದೊಡ್ಡದು, ಅಪಾಯ ಕಡಿಮೆ.

ಕಿವಿ ಹತ್ತಿರ ದವಡೆ ಕೆಳಗೆ ಒಂದೆರಡು ಶಾಟ್ ಟೆಸ್ಟ್ ಮಾಡಿಸಿ, ಒಂದೆರಡು ವಾರ ಕಾಯಿರಿ. ನಮ್ಮಂಥ ಚರ್ಮದಲ್ಲಿ ಕಪ್ಪಾಗೋದು ತಡವಾಗಿ ಕಾಣುತ್ತದೆ. ಬುಡದ ಸುತ್ತ ಸ್ವಲ್ಪ ಕೆಂಪು, ಊತ ಸಹಜ. ಬೂದಿ ಬಣ್ಣ ಬಂದರೆ, ಗುಳ್ಳೆ ಎದ್ದರೆ ಅಲ್ಲಿಗೇ ನಿಲ್ಲಿಸಬೇಕು. ‘ಸ್ವಲ್ಪ ತಡ್ಕೊಳ್ಳಿ’ ಅಂದರೆ ತಡ್ಕೊಳ್ಳಬೇಡಿ.

ಆದರೆ ಇದೆಲ್ಲ ಈಗಲೇ ಅಲ್ಲ. ಮೊದಲು ಈ ಕಲೆ ಮಾಸಲಿ, ಸನ್‌ಸ್ಕ್ರೀನ್ ತಪ್ಪಿಸಬೇಡಿ. ಥ್ರೆಡ್ಡಿಂಗ್ ನಿಲ್ಲಿಸಿ, ಬುಡವೇ ಕಿತ್ತುಹೋದರೆ ಲೇಸರ್‌ಗೆ ಹಿಡಿಯಲು ಏನೂ ಇರಲ್ಲ, ಶೇವ್ ಮಾಡಿದರೆ ತೊಂದರೆ ಇಲ್ಲ. ಮುಟ್ಟು ಏರುಪೇರಾಗುತ್ತಿದೆಯಾ? ಬರೆದಿಲ್ಲ ನೀವು. ಹಾಗಿದ್ದರೆ ಪಿಸಿಓಎಸ್ (ಹಾರ್ಮೋನ್ ಏರುಪೇರಿನ ತೊಂದರೆ) ಇದೆಯಾ ಅಂತ ನೋಡಿಸಿಕೊಳ್ಳಿ, ಅದನ್ನು ಹಾಗೇ ಬಿಟ್ಟರೆ ಯಾವ ಸೆಟ್ಟಿಂಗ್ ಇಟ್ಟರೂ ಗದ್ದದಲ್ಲಿ ಹೊಸ ಕೂದಲು ಬರುತ್ತಲೇ ಇರುತ್ತದೆ.