ಕೋಲಾರದಲ್ಲಿ ಸ್ಟ್ರೀಟ್ ಫೋಟೋಗ್ರಫಿಗೆ 70-300 ಜೂಮ್ ಲೆನ್ಸ್ ತಗೊಳ್ಳಲಾ, ಇಲ್ಲಾ ಬೆಂಗಳೂರಿಗೆ ಹೋಗಲಾ?

ಎರಡೂ ಬೇಡ.

"ಜನಕ್ಕೆ ಗೊತ್ತಾಗದ ಹಾಗೆ ದೂರದಿಂದ ತೆಗೆಯಬೇಕು" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಹೊಟ್ಟೆ ಕಿವುಚಿದ ಹಾಗಾಯಿತು. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಯಾರಾದರೂ "ಯಾಕಪ್ಪಾ ಫೋಟೋ?" ಅಂದರೆ ಸಾಕು, ಕೈ ಬೆವರುತ್ತಿತ್ತು. ಅದಕ್ಕೇ ಸೆಕೆಂಡ್ ಹ್ಯಾಂಡಲ್ಲಿ, ದೂರದ್ದನ್ನು ಹತ್ತಿರ ಎಳೆದು ತೋರಿಸುವ ಒಂದು 70-300 ತಗೊಂಡೆ. ಮಾತಾಡುವುದು ತಪ್ಪಲಿ ಅಂತ ದುಡ್ಡು ಕೊಟ್ಟೆ, ಅಷ್ಟೇ.

ಆಗ ನಾನು ವಾರಕ್ಕೆ ಮೂರು ದಿನ ಹೋಗುತ್ತಿದ್ದದ್ದು ಎಪಿಎಂಸಿ ಟೊಮೆಟೊ ಮಾರುಕಟ್ಟೆಗೆ. ಕೋಲಾರದವರು ಅಂದಮೇಲೆ ನೋಡಿಯೇ ಇರುತ್ತೀರಿ. 15 ಕೆಜಿ ಬಾಕ್ಸುಗಳ ಗೋಡೆ, ಹರಾಜು ಕೂಗುವವರ ಗಂಟಲು, ಹೊರಗೆ ಯಾವ್ಯಾವುದೋ ರಾಜ್ಯದ ಲಾರಿಗಳು. 2023ರ ಜುಲೈನಲ್ಲಿ ಅದೇ ಬಾಕ್ಸ್ 2,000 ರೂಪಾಯಿ ದಾಟಿತ್ತು. ಇನ್ನು ಕೆಲವು ವರ್ಷ ಕಿತ್ತ ಕೂಲಿಯೂ ಹುಟ್ಟುವುದಿಲ್ಲ, ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ನಾನು ಹೇಳುತ್ತಿರುವುದು ಅಂಥ ಒಂದು ವರ್ಷದ ಮಾತು.

ಬೆಳಿಗ್ಗೆ ಹತ್ತೂವರೆ ಇರಬೇಕು. ಒಬ್ಬರು ಅರವತ್ತರ ಆಸುಪಾಸಿನ ರೈತರು ಖಾಲಿ ಬಾಕ್ಸಿನ ಮೇಲೆ ಕೂತು, ತಲೆಯನ್ನು ಕೈಗೆ ಆನಿಸಿಕೊಂಡು ಕಣ್ಣು ಮುಚ್ಚಿದ್ದರು. ಹಿಂದೆ ಎಸೆದ ಟೊಮೆಟೊ ರಾಶಿ. ನಾನು ನೂರು ಅಡಿ ದೂರದಲ್ಲಿ ಲಾರಿ ಮರೆಗೆ ನಿಂತು ಜೂಮನ್ನು ಪೂರ್ತಿ 300ಕ್ಕೆ ಎಳೆದು ಹನ್ನೊಂದು ಫೋಟೋ ಹೊಡೆದೆ. ಅವರು ಕಣ್ಣು ಬಿಡಲಿಲ್ಲ. ನಾನು ಹತ್ತಿರ ಹೋಗಲಿಲ್ಲ. ಮನೆಗೆ ಬಂದು ಕೆಳಗೆ ಬರೆದೆ: "ಬೆಲೆ ಕುಸಿತ, ತಲೆ ಮೇಲೆ ಕೈ ಹೊತ್ತ ಟೊಮೆಟೊ ಬೆಳೆಗಾರ."

ಒಂದು ಪತ್ರಿಕೆಗೆ ಕಳಿಸಿದೆ, ಮೂರು ಕಾಲಂ ಹಾಕಿದರು. ಆಮೇಲೆ ವಾಟ್ಸಾಪಲ್ಲಿ ಓಡಾಡಿತು. ನನ್ನ ಹೆಸರು ಮೊದಲ ಸಲ ಅಚ್ಚಾಗಿದ್ದು ಅದೇ. ಅಮ್ಮ ಕತ್ತರಿಸಿ ಇಟ್ಟುಕೊಂಡರು.

ನಾಲ್ಕು ತಿಂಗಳಾದ ಮೇಲೆ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ನನ್ನ ಕ್ಯಾಮೆರಾ ನೋಡಿ, "ಆ ಫೋಟೋ ತೆಗೆದೋನು ನೀನೇನಾ?" ಅಂದರು. ಹೆಮ್ಮೆಯಿಂದ ಹೌದು ಅಂದೆ. ತೋಳು ಹಿಡಿದು ಪಕ್ಕದ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಅದೇ ರೈತರು ಕೂತಿದ್ದರು. ನನ್ನನ್ನು ಒಂದು ಸಲ ನೋಡಿ, ಬಾಯಿ ತೆರೆದು, ಎಡಗಡೆ ಕೆಳಗಿನ ದವಡೆಗೆ ಬೆರಳು ಇಟ್ಟು ತೋರಿಸಿದರು. ಅಲ್ಲಿ ಹಲ್ಲಿರಲಿಲ್ಲ.

"ಇದಪ್ಪಾ ಅವತ್ತು ನೋಯ್ತಾ ಇದ್ದಿದ್ದು. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಲವಂಗ ಇಟ್ಕೊಂಡು ಕೂತಿದ್ದೆ, ಟೆಂಪೋ ಬರಲಿ ಅಂತ."

ಆ ವರ್ಷ ಅವರು ಟೊಮೆಟೊ ಹಾಕಿಯೇ ಇರಲಿಲ್ಲ. ಅವತ್ತು ತಂದಿದ್ದು ಹುರುಳಿಕಾಯಿ. ಒಳ್ಳೆ ರೇಟಿಗೇ ಹೋಗಿತ್ತಂತೆ. ಆದರೆ ಫೋಟೋ ನೋಡಿದ ಗೊಬ್ಬರದಂಗಡಿಯವರು ಮನೆಗೆ ಬಂದು ಕೂತರು. ಯಾರೋ ಹೇಳಿದ್ದಾಗಿದ್ದರೆ ಇವರು ವಾದ ಮಾಡಬಹುದಿತ್ತು. ಪೇಪರಲ್ಲೇ ಬಂದಿದೆಯಲ್ಲ! ಮುಳುಗಿದವರಿಗೆ ಯಾರು ಉದ್ದರಿ ಕೊಡುತ್ತಾರೆ? ಹಳೇ ಬಾಕಿ ಒಂದೇ ಸಲ ಕಟ್ಟಿಸಿಕೊಂಡರು, ಮುಂದಿನ ಬೆಳೆಗೆ ಗೊಬ್ಬರ ಕೊಡಲಿಲ್ಲ. ಈ ರೈತರು ಹಾಲು ಕರೆಯೋ ಸೀಮೆಹಸು ಒಂದನ್ನು ಮಾರಿದರು.

ನಾನು ದುಡ್ಡು ಕೊಡಲು ಹೋದೆ. ಮುಟ್ಟಲಿಲ್ಲ. "ಅಷ್ಟು ದೂರ ನಿಂತಿದ್ದೋನು ಹತ್ರ ಬಂದು 'ಏನಾಯ್ತಣ್ಣಾ' ಅಂತ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದರು. ಅಷ್ಟೇ. ಬೈದಿದ್ದರೆ ಸುಲಭ ಆಗುತ್ತಿತ್ತು. ವಿಷಯ ಮಂಡಿಗಳಿಗೆಲ್ಲ ಹರಡಿ, ಎರಡು ವರ್ಷ ಆ ಗೇಟಿನೊಳಗೆ ಕ್ಯಾಮೆರಾ ತೆಗೆಯಲು ಯಾರೂ ಬಿಡಲಿಲ್ಲ. ಬಿಟ್ಟಿದ್ದರೂ ನನಗೇ ಮುಖ ಇರಲಿಲ್ಲ.

ಈಗ ಲೆನ್ಸಿನ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ. ನನ್ನ ಫೋಟೋದಲ್ಲಿ ಟೊಮೆಟೊ ರಾಶಿ ಅವರ ಬೆನ್ನಿಗೇ ತಾಗಿದ ಹಾಗಿದೆ. ನಿಜವಾಗಿ ಅದು ನಲವತ್ತು ಅಡಿ ಆಚೆ, ಬೇರೆ ಮಂಡಿಯ ಮುಂದೆ ಬಿದ್ದಿತ್ತು. ದೂರ ನಿಂತು ಜೂಮ್ ಮಾಡಿದರೆ ಹಿಂದಿನದೂ ಮುಂದಿನದೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತಡಿಯಿಂದ ತೆಗೆದಿದ್ದರೆ ಆ ರಾಶಿ ಮೂಲೆಯಲ್ಲಿ ಚಿಕ್ಕದಾಗಿ ಕಾಣುತ್ತಿತ್ತು, ನನಗೆ ಆ ಕಥೆ ಹುಟ್ಟುತ್ತಲೇ ಇರಲಿಲ್ಲ. ಆಮೇಲೆ ಆ ಫೈಲನ್ನು ದೊಡ್ಡದು ಮಾಡಿ ನೋಡಿದೆ. ಎಡಗೆನ್ನೆ ಊದಿರುವುದು ಚೆನ್ನಾಗೇ ಕಾಣುತ್ತದೆ. ಹನ್ನೊಂದರಲ್ಲೂ ಕಾಣುತ್ತದೆ! ನಾನು ಬರೀ ಕೈಯನ್ನು ನೋಡಿದ್ದೆ, ಕೆನ್ನೆ ನೋಡಿರಲಿಲ್ಲ.

ಹಾಗಂತ ಹತ್ತಿರ ಹೋದರೆ ಎಲ್ಲ ಸರಿ ಅಂತಲೂ ಅಲ್ಲ. 1936ರಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೀಳುವ ಕೂಲಿಯವರ ಬಿಡಾರದಲ್ಲಿ ಒಬ್ಬ ತಾಯಿಯ ಫೋಟೋ ತೆಗೆದರಲ್ಲ, ನೀವೂ ನೋಡಿರುತ್ತೀರಿ. ಹತ್ತಿರವೇ ಹೋಗಿದ್ದರು. ಆದರೆ ಹೆಸರು ಕೇಳಲಿಲ್ಲ, ಅದನ್ನು ಅವರೇ ಆಮೇಲೆ ಬರೆದಿದ್ದಾರೆ. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಅಂತ ಫೋಟೋ ಜೊತೆ ಒಂದು ಕಥೆಯೂ ಸೇರಿಕೊಂಡಿತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಹೊರಗೆ ಗೊತ್ತಾಗಿದ್ದು 1978ರಲ್ಲಿ. ಟೈರ್ ಮಾರಿದ್ದು ಸುಳ್ಳು ಅಂತ ಮಗ ಹೇಳಿದರು. ಫೋಟೋದಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂತ ಆಕೆಗೆ ಬೇಸರವಿತ್ತು. ನಾನು ಇದನ್ನು ಓದಿದ್ದು ಹಸು ಮಾರಿಯಾದ ಮೇಲೆ.

ಲೆನ್ಸ್ ಬೇಕೇ ಬೇಕು ಅಂದರೆ ಜೂಮ್ ಇಲ್ಲದ, ಹತ್ತಿರ ಹೋಗಿಯೇ ತೆಗೆಯಬೇಕಾದ 35 ಎಂ.ಎಂ. ತಗೊಳ್ಳಿ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು ಹೆಚ್ಚುಕಮ್ಮಿ 50 ಎಂ.ಎಂ. ಲೆನ್ಸಿನ ನೋಟ ಕೊಡುತ್ತದೆ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಕಾರ್ಟಿಯರ್-ಬ್ರೆಸಾನ್ ಆ 50ರಲ್ಲೇ ಬಹುಪಾಲು ಕೆಲಸ ಮುಗಿಸಿದರು, ನಮಗೇನು ಕೊರತೆ? ಫೋನ್ ಇದ್ದರೂ ನಡೆಯುತ್ತದೆ. ಜೇಬಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ಹೆಸರು, ಊರು, ಅವತ್ತು ಏನು ತಂದಿದ್ದರು ಅಂತ ಬರೆದುಕೊಳ್ಳಿ. ಮುಂದಿನ ಸಲ ಹೋಗುವಾಗ ಒಂದು ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ಸುಮ್ನೆ ತೆಗೆದು ಓಡಬೇಡಿ.

"ಕೋಲಾರದಲ್ಲಿ ಏನೂ ಇಲ್ಲ" ಅಂದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಿನಿಮಾ ಬಂದ ಮೇಲೆ ಎಲ್ಲೆಲ್ಲಿಂದಲೋ ಕೆಜಿಎಫ್‌ಗೆ ಬಂದು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಸೂರ್ಯಾಸ್ತ ತೆಗೆದುಕೊಂಡು ಹೋಗುತ್ತಾರೆ. ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿನ ಜನ ಇವತ್ತಿಗೂ ಬೆಳಗಿನ ಜಾವ ಎದ್ದು, ಬುತ್ತಿ ಕಟ್ಟಿಕೊಂಡು, ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಬೆಂಗಳೂರಿಗೆ ಹೋಗಲೇಬೇಕು ಅಂತಿದ್ದರೆ ಆ ರೈಲಲ್ಲೇ ಹೋಗಿ, ಅದರೊಳಗೇ ತೆಗೆಯಿರಿ. ಅಲ್ಲಿ ನೂರು ಅಡಿ ದೂರ ನಿಲ್ಲೋಣ ಅಂದರೂ ಜಾಗ ಸಿಗುವುದಿಲ್ಲ. ಮೇ, ಜೂನ್‌ನಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿ ಇದೆ. ಸಂಜೆ ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿ ಮುಂದೆ ನಿಂತರೂ ಸಾಕು, ಆ ಬಿಳಿ ನೀರು ಬಾಯಿಗೆ ಹೋದ ಕ್ಷಣದ ಮುಖಗಳನ್ನೇ ಒಂದು ವರ್ಷ ತೆಗೆಯಬಹುದು.

ಆ ರೈತರ ಊರು ಮುಳಬಾಗಿಲ ಕಡೆ. ಈಗಲೂ ವರ್ಷಕ್ಕೆ ಒಂದೆರಡು ಸಲ ಹೋಗುತ್ತೇನೆ. ಮೊಮ್ಮಗಳ ನಾಮಕರಣದ ಫೋಟೋ ನಾನೇ ತೆಗೆದದ್ದು. ಹಲ್ಲು ಕಟ್ಟಿಸಿಕೊಳ್ಳಿ ಅಂದರೆ ಕೇಳುವುದಿಲ್ಲ. ಆ 70-300 ಇನ್ನೂ ಬೀರುವಿನಲ್ಲಿದೆ. ಹಕ್ಕಿ ಫೋಟೋ ತೆಗೆಯೋರು ಯಾರಾದರೂ ಇದ್ದರೆ ಹೇಳಿ, ಕಡಿಮೆಗೆ ಕೊಡುತ್ತೇನೆ. ನಿಮಗೆ ಮಾತ್ರ ಕೊಡಲ್ಲ.