ಪುಟ್ಟ ಇಲಿ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯ ಅಷ್ಟು ದೊಡ್ಡ ಮರಿಯನ್ನು ಹೇಗೆ ಕೊಲ್ಲುತ್ತದೆ?

ಗದಗಿನಿಂದ ಕೇಳಿದ್ದೀರಿ. ನೇರ ಉತ್ತರ ಇಷ್ಟೇ: ಮರಿ ತಿರುಗಿ ಬೀಳುವುದೇ ಇಲ್ಲ. ಇಲಿ ತನ್ನ ಶತ್ರು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇದು ನಡೆಯುವುದು ದಕ್ಷಿಣ ಅಟ್ಲಾಂಟಿಕ್ ಸಾಗರದ ಗಾಫ್ ದ್ವೀಪದಲ್ಲಿ. ಟ್ರಿಸ್ಟನ್ ಆಲ್ಬಟ್ರಾಸ್‌ಗಳು ಹೆಚ್ಚುಕಮ್ಮಿ ಎಲ್ಲವೂ ಮರಿ ಮಾಡುವುದು ಅಲ್ಲೇ. ನಮ್ಮ ನವಲಗುಂದದ ಎರೆಹೊಲದಲ್ಲಿ ಮುಂಗುಸಿ ಕಂಡರೆ ಟಿಟ್ಟಿಭ ಕೂಗಿ ರಂಪ ಮಾಡುತ್ತದೆ, ಅಲ್ವಾ? ಗಾಫ್‌ನಲ್ಲಿ ನೆಲದ ಮೇಲೆ ಓಡಾಡುವ ಬೇಟೆಪ್ರಾಣಿಯೇ ಇರಲಿಲ್ಲ. ಹಾಗಾಗಿ ಆ ಹೆದರಿಕೆ ಈ ಹಕ್ಕಿಯ ರಕ್ತದಲ್ಲೇ ಇಲ್ಲ.

19ನೇ ಶತಮಾನದಲ್ಲಿ ಹಡಗುಗಳ ಜೊತೆ ಇಲಿ ಬಂತು. ಜೋಳದ ಚೀಲ ಕಡಿಯುತ್ತಲ್ಲ, ಅದೇ ಮನೆ ಇಲಿ. ಚಳಿಗಾಲದಲ್ಲಿ ಬೇರೆ ತಿನ್ನೋಕೆ ಸಿಗದಾಗ ಅವು ರಾತ್ರಿ ಗೂಡಿಗೆ ಬಂದು ಮರಿಯ ಬೆನ್ನು, ಹಿಂಭಾಗ ಕಡಿಯುತ್ತವೆ. ಅಪ್ಪ ಅಮ್ಮ ಆಹಾರ ತರಲು ಸಮುದ್ರಕ್ಕೆ ಹೋಗಿರುತ್ತವೆ. ಹಾರಲು ಬಾರದ ಮರಿ ಸುಮ್ನೆ ಕೂತೇ ಇರುತ್ತದೆ. ಮರುದಿನ ಇಲಿಗಳು ಅದೇ ಗಾಯಕ್ಕೆ ಮತ್ತೆ ಬರುತ್ತವೆ. ಕೆಲವೇ ದಿನದಲ್ಲಿ ಮರಿ ಸಾಯುತ್ತದೆ. ಇದರ ವಿಡಿಯೊ ಇದೆ, ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಮರಿ ಸಾಕಿ ದೊಡ್ಡದು ಮಾಡಿದ ಜೋಡಿ ಮತ್ತೆ ಮೊಟ್ಟೆ ಇಡುವುದು ಎರಡು ವರ್ಷಕ್ಕೊಮ್ಮೆ, ಅದೂ ಒಂದೇ. ಅದಕ್ಕೇ ನಷ್ಟ ಬೇಗ ತುಂಬುವುದಿಲ್ಲ. ದೊಡ್ಡ ಹಕ್ಕಿಗಳು ಮೀನುಗಾರರ ಗಾಳಕ್ಕೂ ಸಿಕ್ಕಿ ಸಾಯುತ್ತವೆ.

2021ರಲ್ಲಿ ಹೆಲಿಕಾಪ್ಟರ್‌ನಿಂದ ದ್ವೀಪದ ತುಂಬ ಇಲಿ ಪಾಷಾಣ ಚೆಲ್ಲಿದರು. ಡಿಸೆಂಬರ್‌ನಲ್ಲಿ ಮತ್ತೆ ಇಲಿ ಕಾಣಿಸಿತು. ಆದರೂ ಇಲಿ ಕಡಿಮೆಯಾಗಿದ್ದ ಮುಂದಿನ ವರ್ಷ ಜಾಸ್ತಿ ಮರಿಗಳು ಬದುಕಿದವು. ಆ ಕೆಲಸ ಇನ್ನೊಮ್ಮೆ ಆಗಲೇಬೇಕು ಅಂತ ನನಗನ್ನಿಸುವುದು ಇದಕ್ಕೇ.